ಗದಿಗೆಪ್ಪನ ಓಲೆಜರಡಿ

ಗದಿಗೆಪ್ಪನ ಮಣಿಕಟ್ಟಿನ ಕಡಗ ಒಮ್ಮೆ ಮಿಡಿಯಿತು. ಅವನು ರೊಟ್ಟಿ ಕೆಳಗಿಟ್ಟು ಪರದೆ ನೋಡಿದ. ಒಂದೇ ಇ-ಮೇಲ್: 'ಏಳನೇ ಫ್ಯಾನಿನ ಬೋಲ್ಟು ಬಿಗಿ ಮಾಡಿ.' ಅಷ್ಟೇ. ನಿನ್ನೆಯೂ ಒಂದು ಬಂದಿತ್ತು. ಮೊನ್ನೆ ಅದೂ ಇರಲಿಲ್ಲ.

ಗಾಳಿಯಿಂದ ವಿದ್ಯುತ್ ತೆಗೆಯುವ ಗುಡ್ಡಗಳಿಗೆಲ್ಲ ಒಬ್ಬೊಬ್ಬರೇ ಕಾವಲಿನವರು. ಕಪ್ಪತಗುಡ್ಡಕ್ಕೆ ಗದಿಗೆಪ್ಪ. ಹೀಗೆ ಒಂಟಿಯಾಗಿ ಕೂತ ಇನ್ನೂರ ಹದಿನಾಲ್ಕು ಮಂದಿಗೆ ಸೇರಿ ಒಂದು ಮೇಲಿಂಗ್ ಲಿಸ್ಟ್ ಇತ್ತು. ಅದಕ್ಕೆ ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಉತ್ತರದ ಗುಂಡಿ ಒತ್ತಿದರೆ ಅದೂ ಎಲ್ಲರಿಗೂ. ಒಬ್ಬ ಗ್ರೀಸಿನ ವಿಷಯ ಕೇಳಿದರೆ ಹನ್ನೊಂದು ಮಂದಿ 'ಆತ್ರಿ' ಎಂದು ಬರೆಯುತ್ತಿದ್ದರು. ರಜೆಗೆ ಹೋದವನ ಕಂಪ್ಯೂಟರು ಆ ಹನ್ನೊಂದಕ್ಕೂ 'ನಾನು ರಜೆಯಲ್ಲಿದ್ದೇನೆ' ಎನ್ನುತ್ತಿತ್ತು. ಸವದತ್ತಿ ಗುಡ್ಡದ ದ್ಯಾಮವ್ವನಂತೂ ದಿನಾ ಬೆಳಗಾದರೆ ಒಂದೇ ಮಾತು ಬರೆಯುತ್ತಿದ್ದಳು: 'ಇಲ್ಲೆ ಗಾಳಿ ಚಲೋ ಐತಿ. ನಿಮ್ಮಲ್ಲೆ ಹೆಂಗ?'

'ಗಾಳಿ ಎಲ್ಲಾ ಕಡೆ ಇರತೈತಿ, ಸುಮ್ನ ಕುಂದರವಾ!' ಎಂದು ಗದಿಗೆಪ್ಪ ಗದರುತ್ತಿದ್ದ. ಅದೂ ಎಲ್ಲರಿಗೂ ಹೋಗುತ್ತಿತ್ತೆನ್ನಿ.

ಅವನು ಬರೆದ ನಲವತ್ತೆರಡು ದೂರುಗಳನ್ನು ಓದಿಯೇ ಹುಬ್ಬಳ್ಳಿಯ ವಿಜ್ಞಾನಿ ಡಾ. ಶಾಹೀನ್ ಅತ್ತಾರ ಇ-ಮೇಲ್ ಸೋಸುವ ಓಲೆಜರಡಿ ಕಂಡುಹಿಡಿದು, ಲಿಸ್ಟಿನ ಎಲ್ಲರ ಕೈಗೂ ಅದರ ಕಡಗ ತೊಡಿಸಿದ್ದರು. ಓದುವಾಗ ಸಿಟ್ಟು ಬಂದರೆ ನಾಡಿ ಏರುತ್ತದೆ; ಕಡಗ ಅದನ್ನು ಹಿಡಿಯುತ್ತದೆ. ಆಮೇಲೆ ಸಿಟ್ಟು ತಂದವರ ಕೆಲಸದ ಓಲೆ ಮಾತ್ರ ಒಳಗೆ ಬರುತ್ತದೆ. ಉಳಿದವು ಮೂಲೆ ಸೇರುತ್ತವೆ. ಕಳಿಸಿದವರಿಗೆ ಅದು ತಿಳಿಯುವುದಿಲ್ಲ.

ಮೊದಲ ಹದಿನೈದು ದಿನ ಗದಿಗೆಪ್ಪ ಗೆದ್ದವನಂತೆ ಕೂತಿದ್ದ. ನಾಲ್ಕು ತಿಂಗಳಾಗುವಷ್ಟರಲ್ಲಿ ತಾನು ರೊಟ್ಟಿ ಅಗಿಯುವ ಸದ್ದೂ ಅವನಿಗೆ ದೊಡ್ಡದಾಗಿ ಕೇಳತೊಡಗಿತು. ಒಂದು ಬೆಳಿಗ್ಗೆ ತಾನೇ ಬರೆದ: 'ಇಲ್ಲೆ ಮಂಜು ಬಿದ್ದೈತಿ. ಯಾರರ ಅದೀರೇನು?' ಐದು ದಿನ ಹಾಗೇ ಬರೆದ. ಯಾರೂ ತುಟಿ ಬಿಚ್ಚಲಿಲ್ಲ. ಆರನೇ ದಿನ ಫೋನು ಹಚ್ಚಿದ.

"ಮೇಡಂ, ನಿಮ್ಮ ಜರಡಿ ಕೆಟ್ಟೈತಿ. ನಾ ಬರದದ್ದು ಯಾರಿಗೂ ಮುಟ್ಟವಲ್ದು."

"ಕೆಟ್ಟಿಲ್ಲ, ಗದಿಗೆಪ್ಪ. ಲಿಸ್ಟಿನ್ಯಾಗ ಈಗ ಇರೋ ಎಲ್ಲರಿಗೂ ನಿಮ್ಮ ಹೆಸರು ಕಂಡ್ರ ನಾಡಿ ಏರತದ."

"ಎಲ್ಲರಿಗೂ? ನಾ ಏನು ಹುಲಿಯೇನ್ರಿ?"

"ಮೊದಲ ಒಬ್ಬರಿಗೆ ಏರತಿರಲಿಲ್ಲ. ಸವದತ್ತಿ ದ್ಯಾಮವ್ವ. ನಿಮ್ಮ ಬೈಗುಳ ಓದೋ ಮುಂದ ಅವರಿಗೆ ಸಿಟ್ಟಽ ಬಂದಿಲ್ಲ. ನಕ್ಕಿರಬೇಕು. ದಿನಾ ಬರದಾರ. ನಿಮ್ಮ ಕಡಗನಽ ತಡದದ."

ಗದಿಗೆಪ್ಪ ಕಡಗ ನೋಡಿಕೊಂಡ. "ಎಲ್ಲಾ ಬಿಡ್ರಿ. ಒಂದೂ ಸೋಸಬ್ಯಾಡ್ರಿ."

"ನಿಮ್ಮ ಬಾಗಲಾ ತಗೀತೀನಿ. ಅವರವರ ಬಾಗಲಾ ಅವರಽ ತಗೀಬೇಕು."

ಕಡಗ ಒಂದೇ ಸಮನೆ ಮಿಡಿಯತೊಡಗಿತು. ಆರು ಸಾವಿರ ಓಲೆ. ಹೂವಿನ ಚಿತ್ರಗಳು, 'ಆತ್ರಿ'ಗಳು, ರಜೆಗಳು. ಅವುಗಳ ನಡುವೆ ದ್ಯಾಮವ್ವನ ನೂರಾ ಮೂರು ಗಾಳಿಗಳು. ಕೊನೆಯದು ಇಪ್ಪತ್ತು ದಿನ ಹಳೆಯದು.

'ಇವತ್ತಿಗೆ ನನ್ನ ನೌಕರಿ ಮುಗೀತು. ನಾಳೆ ಗುಡ್ಡಾ ಇಳೀತೀನಿ, ಲಿಸ್ಟೂ ಬಿಡ್ತೀನಿ. ಗದಿಗೆಪ್ಪಣ್ಣ, ಮೂರು ತಿಂಗಳ ಮ್ಯಾಲಾತು ನೀ ನನ್ನ ಬೈದಿಲ್ಲ. ಆರಾಮ ಅದಿಯಿಲ್ಲೋ? ಹೋಗೋ ಮುಂದ ಒಂದು ಸಲ ಬೈದು ಬರಿ.'

ಉತ್ತರದ ಗುಂಡಿಯ ಮೇಲೆ ಬೆರಳಿಟ್ಟವನು ಹಾಗೇ ನಿಂತ. ಅದು ಹೋಗುವುದು ಲಿಸ್ಟಿಗೆ. ಲಿಸ್ಟಿನಲ್ಲಿ ಅವಳಿಲ್ಲ. ಬರೆದವರ ಸ್ವಂತ ವಿಳಾಸ ಓಲೆಯ ಮೇಲೆ ಕಾಣಬಾರದೆಂದು ಜಗಳವಾಡಿ ನಿಯಮ ಮಾಡಿಸಿದವನೂ ಅವನೇ. ಅವಳು ಇಳಿದು ಯಾವ ಊರಿಗೆ ಹೋದಳು? ಲಿಸ್ಟಿನಲ್ಲಿ ಜೊತೆಗಿದ್ದ ಆರು ವರ್ಷದಲ್ಲಿ ಒಮ್ಮೆಯೂ ಅವಳ ಊರು ಕೇಳಿರಲಿಲ್ಲ.

ಕೊನೆಗೆ ಬರೆದ: 'ದ್ಯಾಮವ್ವನ ವಿಳಾಸ ಯಾರ ಹತ್ರರ ಐತೇನು? ಕೈ ಮುಗೀತೀನಿ.' ಎಲ್ಲರಿಗೂ ಕಳಿಸಿದ. ಫ್ಯಾನುಗಳು ತಿರುಗುತ್ತಿದ್ದವು. ಕಡಗ ಮಿಡಿಯಿತು. ಧಡಕ್ಕನೆ ನೋಡಿದ. ಯಾರೋ ಹೂವಿನ ಚಿತ್ರ ಕಳಿಸಿದ್ದರು. ಅದನ್ನೇ ಬಹಳ ಹೊತ್ತು ನೋಡುತ್ತ ಕೂತ.

ಇದೆಲ್ಲ ಇನ್ನು ಮೂವತ್ತು ವರ್ಷದ ಮೇಲೆ ನಡೆಯಲಿರುವ ಮಾತು. ಇವತ್ತು ಬೆಳಿಗ್ಗೆ ನಿಮ್ಮ ಫೋನಿಗೂ ಒಂದು ಹೂವು ಬಂದಿರಬೇಕು. ಕಳಿಸಿದವರ ಊರು ಯಾವುದು, ಗೊತ್ತೇ?