ತಿರುಗದ ಕೋರೆಹಲ್ಲು

“ಬಾಯಿ ಇನ್ನೂ ಅಗಲ ಮಾಡು. ಅಳ್ಳಾಡಬ್ಯಾಡ,” ಎಂದಳು ಅವ್ವ.

ಮಂಜರಿ ಕಿಟಕಿಯ ಬೆಳಕಿಗೆ ಮುಖ ಒಡ್ಡಿ, ಎರಡೂ ಕೈಗಳಿಂದ ತುಟಿ ಎಳೆದು ಹಿಡಿದು ನಿಂತಿದ್ದಳು. ಅವ್ವ ಮೊಬೈಲನ್ನು ಅವಳ ಹಲ್ಲಿನ ಹತ್ತಿರ ತಂದು ಫೋಟೊ ತೆಗೆದಳು. ಪ್ರತಿ ಶನಿವಾರ ಆ ಫೋಟೊ ಧನಕವಡಿಯ ಹಲ್ಲಿನ ಕ್ಲಿನಿಕ್ಕಿಗೆ ಹೋಗಬೇಕು.

ಮಂಜರಿಯ ಹಲ್ಲುಗಳ ಮೇಲೆ ಗಾಜಿನಂಥ ತೆಳ್ಳಗಿನ ಪ್ಲಾಸ್ಟಿಕ್ ಟ್ರೇ ಇತ್ತು. ಅದಕ್ಕೆ ಅಲೈನರ್ ಅಂತ ಹೆಸರು. ಸೊಟ್ಟ ಹಲ್ಲನ್ನು ನೆಟ್ಟಗೆ ಮಾಡುವ ಸಾಧನ. ತಂತಿ ಇಲ್ಲ, ಬೇಕೆಂದಾಗ ತೆಗೆದು ಹಾಕಿಕೊಳ್ಳಬಹುದು. ಟ್ರೇ ಹಲ್ಲಿನ ಆಕಾರದಲ್ಲೇ ಇರುತ್ತದೆ. ಆದರೆ ಹಲ್ಲು ಈಗ ಇರುವ ಹಾಗಲ್ಲ, ಇನ್ನು ಸ್ವಲ್ಪ ದಿನಕ್ಕೆ ಹೇಗಿರಬೇಕೋ ಹಾಗೆ. ಹಾಕಿಕೊಂಡಾಗ ಪ್ಲಾಸ್ಟಿಕ್ ಕೊಂಚ ಹಿಗ್ಗುತ್ತದೆ. ಮತ್ತೆ ತನ್ನ ಆಕಾರಕ್ಕೆ ಬರಲು ನೋಡುತ್ತಾ ಹಲ್ಲನ್ನು ಮೆಲ್ಲಗೆ ದೂಡುತ್ತದೆ. ಒಂದು ಟ್ರೇ ಕೆಲಸ ಮುಗಿಯಿತೆಂದರೆ ಇನ್ನೊಂದು.

ಊಟ ತಿಂಡಿ ಬಿಟ್ಟರೆ ದಿನವಿಡೀ ಟ್ರೇ ಬಾಯಲ್ಲೇ ಇರಬೇಕು.

ಮಧ್ಯಾಹ್ನ ಕ್ಲಿನಿಕ್ಕಿನಿಂದ ಮೆಸೇಜ್ ಬಂತು. ಓದುತ್ತಿದ್ದ ಹಾಗೆ ಅವ್ವನ ಹುಬ್ಬು ಗಂಟಾಯಿತು.

“ಬಲಗಡೆ ಕೋರೆಹಲ್ಲಿಗೂ ಟ್ರೇಗೂ ನಡುವ ಸಂದಿ ಅದ ಅಂತ. ಹಲ್ಲು ತಿರುಗೇ ಇಲ್ಲಂತ. ಟ್ರೇ ಇನ್ನೂ ಹೆಚ್ಚು ಹೊತ್ತು ಹಾಕ್ಕೋಬೇಕಂತ. ಏನs ಮಂಜರಿ, ಸಾಲ್ಯಾಗ ತಗದು ಇಡ್ತೀ ಏನು?”

“ಇಲ್ಲವ್ವಾ! ಊಟ ಮಾಡುವಾಗ ಅಷ್ಟs ತಗೀತೀನಿ.”

“ಹಂಗಾರ ಹಲ್ಲು ಯಾಕ ತಿರುಗಿಲ್ಲ?”

“ನನಗೇನು ಗೊತ್ತು?”

“ನಿನಗ ಗೊತ್ತಿಲ್ಲಂದ್ರ ಇನ್ಯಾರಿಗೆ ಗೊತ್ತು? ಬಾಯಿ ನಿಂದs ಅಲ್ಲೇನು?” ಅವ್ವ ಅಡಿಗೆಮನೆಗೆ ಹೋದಳು. ಪಾತ್ರೆಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು.

ಮಂಜರಿಗೆ ಶಾಲೆ ನೆನಪಾಯಿತು. ಏಳನೇ ಕ್ಲಾಸಿನಲ್ಲಿ ಎಲ್ಲರೂ ರಿಸೆಸ್‌ನಲ್ಲಿ ಡಬ್ಬಿ ಮುಗಿಸಿ ಗ್ರೌಂಡಿಗೆ ಓಡುತ್ತಿದ್ದರು. ಅವಳು ಮಾತ್ರ ನಳದ ಹತ್ತಿರ ನಿಂತು ಹಲ್ಲುಜ್ಜಿ, ಟ್ರೇ ತೊಳೆದು, ಹಾಕಿಕೊಂಡು ಹೋಗುವಷ್ಟರಲ್ಲಿ ಖೋ ಖೋ ಟೀಮು ಆಗಿಹೋಗಿರುತ್ತಿತ್ತು. ಗೆಳತಿ ಮಾಧುರಿ ಶೇಂಗಾ ಚಿಕ್ಕಿ ತಂದರೂ ಮಂಜರಿ ಬೇಡ ಅನ್ನುತ್ತಿದ್ದಳು. ಹೊಸ ಟ್ರೇ ಹಾಕಿದ ದಿನ ಹಲ್ಲು ನೋಯುತ್ತಿದ್ದರೂ ತೆಗೆಯುತ್ತಿರಲಿಲ್ಲ. ಅದನ್ನೆಲ್ಲ ಅವ್ವ ನೋಡಿಲ್ಲ. ನೋಡದಿದ್ದರೆ ನಂಬಬಾರದೇ?

ಅವಳು ಸಿಟ್ಟಿನಿಂದ ಕೆಳಗೆ ಪಾರ್ಕಿಂಗ್‌ಗೆ ಇಳಿದಳು. ಅಲ್ಲಿ ಅಪ್ಪ ಅವಳ ಸೈಕಲ್ ಎದುರು ಕುಕ್ಕರಗಾಲಲ್ಲಿ ಕೂತಿದ್ದ. ಮಂಜರಿ ಎತ್ತರ ಆಗಿದ್ದಳು, ಸೀಟು ಏರಿಸಬೇಕಿತ್ತು.

“ತಾ, ನಾನು ಬಿಚ್ಚತೀನಿ,” ಅಂತ ಮಂಜರಿ ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಂಡು ಸೀಟಿನ ಕೆಳಗಿನ ನಟ್ಟಿಗೆ ಹಾಕಿದಳು. ಬಲ ಹಾಕಿ ತಿರುಗಿಸಿದಳು. ಪಾನಾ ಗರ್ರನೆ ಜಾರಿತು. ನಟ್ಟು ಇದ್ದಲ್ಲೇ ಇತ್ತು. ಇನ್ನೂ ಜೋರು ಹಾಕಿದಳು. ಮತ್ತೆ ಜಾರಿತು.

“ಎಷ್ಟು ಜೋರು ಹಾಕಿದ್ರೂ ಅಷ್ಟs,” ಎಂದ ಅಪ್ಪ. “ಮೂಲಿ ಎಲ್ಲಾ ಸವದು ಗುಂಡಗ ಆಗ್ಯಾವ. ಪಾನಾಕ್ಕ ಹಿಡಿಲಿಕ್ಕೆ ಏನೂ ಇಲ್ಲ. ಹಿಡಿತ ಇಲ್ಲಂದ್ರ ತಿರುಗೋದು ಹೆಂಗ?”

ಮಂಜರಿ ನಟ್ಟನ್ನೇ ನೋಡಿದಳು. ಆಮೇಲೆ ಪಾನಾ ಅಪ್ಪನ ಕೈಗಿಟ್ಟು ಮೆಟ್ಟಿಲು ಹತ್ತಿ ಓಡಿದಳು.

ಬಾತ್‌ರೂಮಿನ ಕನ್ನಡಿಯ ಮುಂದೆ ಟ್ರೇ ತೆಗೆದಳು. ಚಿಕಿತ್ಸೆ ಶುರುವಾದ ದಿನ ಡಾಕ್ಟರ್ ಟ್ರೇಗೆ ಹಿಡಿತ ಸಿಗಲೆಂದು ಕೆಲವು ಹಲ್ಲುಗಳ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸಿದ್ದರು. ಕನ್ನಡಿಯಲ್ಲಿ ಅವು ಕಾಣುವುದೇ ಕಷ್ಟ. ಅದಕ್ಕೇ ಅವಳು ನಾಲಿಗೆಯಿಂದ ತಡವಿ ನೋಡಿದಳು. ಎಡಗಡೆಯ ಕೋರೆಹಲ್ಲಿನ ಮೇಲೆ ಉಬ್ಬು ಸಿಕ್ಕಿತು. ಬಲಗಡೆ ನಾಲಿಗೆ ಆಡಿಸಿದಳು. ನುಣ್ಣಗಿತ್ತು. ಬೆರಳಿಂದ ಮುಟ್ಟಿದಳು. ಆಗಲೂ ನುಣ್ಣಗೆ! ಟ್ರೇಯ ಬಲಗಡೆ ಆ ಉಬ್ಬು ಕೂರಬೇಕಾದ ಪುಟ್ಟ ಗುಳಿ ಮಾತ್ರ ಖಾಲಿಯಾಗಿ ಕಾಣುತ್ತಿತ್ತು.

“ಅವ್ವಾ! ನನ್ನ ತಪ್ಪಿಲ್ಲ! ಉಬ್ಬು ಬಿದ್ದದ!”

ಅವ್ವ ಒಲೆಯ ಕಡೆಯಿಂದ ತಿರುಗಲಿಲ್ಲ. “ಈಗೊಂದು ಹೊಸ ನೆವ ಏನು?”

“ನೆವ ಅಲ್ಲ. ನನ್ನನ್ನ ಡಾಕ್ಟರ್ ಕಡೆ ಕರಕೊಂಡು ಹೋಗು. ನಾನs ಹೇಳ್ತೀನಿ ಅವರಿಗೆ. ಸುಳ್ಳಾಗಿದ್ರ ಆಮ್ಯಾಲ ಎಷ್ಟು ಬೇಕಾದ್ರೂ ಬಯ್ಯಿ.”

ಈಗ ಅವ್ವ ತಿರುಗಿ ನೋಡಿದಳು. ಮಂಜರಿ ಅಳುತ್ತಿರಲಿಲ್ಲ. ಟ್ರೇಯನ್ನು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದಳು.

ಸೋಮವಾರ ಸಂಜೆ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ಶರ್ವರಿ ಮೂಲ ಬೆಳಗಾವಿಯವರು. ಎಲ್ಲರ ಜೊತೆ ಮರಾಠಿ ಮಾತಾಡಿದರೂ ಇವರ ಜೊತೆ ಕನ್ನಡವೇ.

“ಏನ್ ಮಾಡೋದ್ರಿ ಡಾಕ್ಟರ್, ಇಕಿ ಟ್ರೇ ಸರಿಯಾಗಿ...” ಅವ್ವ ಶುರು ಮಾಡಿದಳು.

“ನಾನು ಹೇಳ್ತೀನಂದಿದ್ನಲ್ಲವ್ವಾ!” ಮಂಜರಿ ಡಾಕ್ಟರ್ ಕಡೆ ತಿರುಗಿದಳು. “ಡಾಕ್ಟರ್, ಕೋರೆಹಲ್ಲು ಗುಂಡಗ ಅದಲ್ರಿ. ಸೊಟ್ಟ ಇದ್ದದ್ದನ್ನ ನೆಟ್ಟಗ ತಿರುಗಿಸಬೇಕು. ಆದ್ರ ಅದರ ಮ್ಯಾಲಿನ ಉಬ್ಬು ಬಿದ್ದದ. ಅದಕ್ಕ ಟ್ರೇಕ್ಕ ಹಿಡಿತ ಸಿಗವಲ್ದು. ಮೂಲಿ ಸವದ ನಟ್ಟಿನ ಮ್ಯಾಲ ಪಾನಾ ಜಾರತದಲ್ಲ, ಹಂಗ ಜಾರ್ತದ. ನಾ ಇಡೀ ದಿನ ಹಾಕ್ಕೊಂಡ್ರೂ ತಿರುಗಂಗಿಲ್ಲ.”

ಡಾಕ್ಟರ್ ಅವಳ ಕುರ್ಚಿ ಹಿಂದಕ್ಕೆ ಬಾಗಿಸಿ, ದೀಪ ಹಾಕಿ, ತೆಳ್ಳನೆ ಕಡ್ಡಿಯಿಂದ ಹಲ್ಲನ್ನು ಮುಟ್ಟಿ ನೋಡಿದರು.

“ಹೌದು. ಬಿದ್ದದ,” ಎಂದರು. “ಟ್ರೇ ಹಾಕಿದ ಫೋಟೊದಾಗ ಇದು ನಮಗ ಗೊತ್ತಾಗಿಲ್ಲ. ನಮ್ಮ ಕ್ಲಿನಿಕ್ಕಿನ ಹುಡುಗಿ ಸಂದಿ ನೋಡಿ, ಹಾಕ್ಕೊಂಡಿಲ್ಲ ಅಂತ ಬರದುಬಿಟ್ಟಾಳ.”

ಆಮೇಲೆ ಅವ್ವನನ್ನು ಹತ್ತಿರ ಕರೆದರು. “ಇಲ್ಲಿ ನೋಡ್ರಿ. ಮುಂದಿನ ಹಲ್ಲು, ಅದರ ಬಾಜೂದ ಹಲ್ಲು, ಎಲ್ಲಾ ನಾವು ಅಂದುಕೊಂಡಷ್ಟs ಸರದಾವ. ಮಂಜರಿ ಟ್ರೇ ಹಾಕ್ಕೊಂಡಿರಲಿಲ್ಲಂದ್ರ ಇವು ಹೆಂಗ ಸರೀತಿದ್ವು?”

ಅವ್ವ ಬಾಗಿ ನೋಡಿದಳು.

“ಡಾಕ್ಟರ್,” ಮಂಜರಿ ಕೇಳಿದಳು, “ಹಲ್ಲು ಎಲುಬಿನ್ಯಾಗ ಗಟ್ಟಿ ಕೂತಿರತದಲ್ರಿ. ಮತ್ತ ಸರಿಯೋದು ಹೆಂಗ?”

“ಹಲ್ಲಿಗೂ ಎಲುಬಿಗೂ ನಡುವ ಸಣ್ಣ ಸಣ್ಣ ನಾರು ಇರ್ತಾವ. ಟ್ರೇ ದೂಡಿದಾಗ ಹಲ್ಲು ಒಂದು ಕಡೆ ಒತ್ತತದ. ಆ ಕಡೆ ಎಲುಬು ನಿಧಾನಕ್ಕ ಕರಗಿ ಜಾಗಾ ಬಿಡತದ. ಹಿಂದ ಖಾಲಿ ಆದ ಕಡೆ ಹೊಸಾ ಎಲುಬು ಬೆಳೀತದ. ಅವಸರ ಮಾಡಿ ಜೋರಾಗಿ ದೂಡಿದ್ರ ಕೆಡತದ. ಮೆಲ್ಲಕ, ಬಿಡದಂಗ ದೂಡಬೇಕು. ಅಂದ್ರ ಇದರಾಗ ಅರ್ಧಾ ಕೆಲಸ ನನ್ನದಲ್ಲ, ನಿಂದು.”

ಡಾಕ್ಟರ್ ಹಲ್ಲನ್ನು ಒಣಗಿಸಿ, ಹೊಸ ಉಬ್ಬು ಅಂಟಿಸಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದರು. ಬಳಿಕ “ಟ್ರೇ ಹೆಂಗ ತಗೀತಿ, ತೋರಿಸು,” ಎಂದರು. ಮಂಜರಿ ಬಲಗಡೆ ಕೋರೆಹಲ್ಲಿನ ಹತ್ತಿರ ಉಗುರು ಸಿಕ್ಕಿಸಿ ಎಳೆಯುವ ಹಾಗೆ ಮಾಡಿ ತೋರಿಸಿದಳು.

“ಹಾಂ, ಇಲ್ಲಿ ತಪ್ಪದ. ದಿನಾ ಇಲ್ಲೇ ಎಳೆದ್ರ ಉಬ್ಬು ಕಿತ್ತು ಬರತದ. ಹಿಂದಿನ ದವಡಿ ಹಲ್ಲಿನ ಕಡೆಯಿಂದ ಬಿಡಿಸಬೇಕು, ಎರಡೂ ಬಾಜೂ.”

ಮಂಜರಿ ತನ್ನ ಉಗುರನ್ನೇ ನೋಡಿಕೊಂಡಳು. ತನ್ನದೂ ಒಂದು ತಪ್ಪು ಇತ್ತಲ್ಲ! ಆದರೆ ಡಾಕ್ಟರ್ ಆಗಲೇ ಕ್ಲಿನಿಕ್ಕಿನ ಹುಡುಗಿಯನ್ನು ಕರೆದು ಮರಾಠಿಯಲ್ಲಿ ಹೇಳುತ್ತಿದ್ದರು. ಇನ್ನು ಮೇಲೆ ಎಲ್ಲಾ ಪೇಶಂಟ್‌ಗಳಿಂದಲೂ ಟ್ರೇ ತೆಗೆದ ಒಂದು ಫೋಟೊ ಕೂಡ ತರಿಸಿಕೊಳ್ಳಬೇಕು, ಬೈಯುವ ಮೊದಲು ಉಬ್ಬುಗಳನ್ನು ನೋಡಬೇಕು ಅಂತ. “ಇದನ್ನ ಪತ್ತೆ ಮಾಡಿದಾಕಿ ನಮ್ಮ ಮಂಜರಿ,” ಎಂದೂ ಸೇರಿಸಿದರು.

ಕೋರೆಹಲ್ಲು ಹಿಂದೆ ಉಳಿದಿದ್ದರಿಂದ, ಜೊತೆಗೆ ತಂದಿದ್ದ ಮೊದಲಿನ ಟ್ರೇಯನ್ನೇ ಸ್ವಲ್ಪ ದಿನ ಮತ್ತೆ ಹಾಕಿಕೊಳ್ಳಬೇಕಿತ್ತು. ಮಂಜರಿ ಅದನ್ನು ಒತ್ತಿ ಕೂರಿಸಿದಳು. ಟಕ್ ಅಂತ ಕೂತಿತು. ಕೋರೆಹಲ್ಲನ್ನು ಯಾರೋ ಬೆರಳಲ್ಲಿ ಹಿಡಿದ ಹಾಗಾಯಿತು. ಕೊಂಚ ನೋವು. ಆದರೆ ಆ ನೋವು ಅವಳಿಗೆ ಬೇಕಾಗಿತ್ತು.

ಮನೆಯ ದಾರಿಯುದ್ದಕ್ಕೂ ಅವ್ವ ರಿಕ್ಷಾದಲ್ಲಿ ಹೊರಗೆ ನೋಡುತ್ತಾ ಕೂತಿದ್ದಳು. ಬಿಲ್ಡಿಂಗಿನ ಗೇಟಿನ ಹತ್ತಿರ ಕೆಳಗಿನ ಮನೆಯ ಶಿವಬಸವ್ವ ಅಜ್ಜಿ ತರಕಾರಿ ಚೀಲ ಹಿಡಿದು ನಿಂತಿದ್ದರು.

“ತಾಯಿ ಮಗಳು ಎಲ್ಲಿಗೆ ಹೋಗಿದ್ರಿ?” ಎಂದು ಕೇಳಿದರು.

“ಹಲ್ಲಿನ ಡಾಕ್ಟರ್ ಕಡೆ, ಮಾವಶಿ,” ಎಂದಳು ಅವ್ವ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಹಲ್ಲು ತಿರುಗವಲ್ದು ಅಂತ ನಾನು ಸುಮ್ಮನ ಇಕಿ ಮ್ಯಾಲ ಸಿಟ್ಟಾದೆ. ಕೇಳಲೇ ಇಲ್ಲ. ತಪ್ಪು ಎಲ್ಲಿ ಅದ ಅಂತ ಇಕೀನs ಹುಡುಕಿದಳ್ರಿ. ಡಾಕ್ಟರ್ ಮುಂದ ಹೆಂಗ ಬಿಡಿಸಿ ಹೇಳಿದಳಂದ್ರ, ನನಗ ಅಲ್ಲೇ ನಿಂತು ಕೇಳ್ತಾನs ಇರಬೇಕು ಅನಿಸ್ತು.”

“ಹೌದೇನವಾ? ಶ್ಯಾಣ್ಯಾಕಿ ಇದ್ದಾಳ ಬಿಡು!” ಎಂದರು ಅಜ್ಜಿ.

ಅವ್ವ ಇನ್ನೂ ಏನೇನೋ ಹೇಳುತ್ತಿದ್ದಳು. ಒಮ್ಮೆಯೂ ಮಂಜರಿಯ ಕಡೆ ತಿರುಗಲಿಲ್ಲ. ಆದರೆ ಆ ಮಾತೆಲ್ಲ ಅಜ್ಜಿಗಲ್ಲ, ತನಗೇ ಎಂದು ಮಂಜರಿಗೆ ಗೊತ್ತಾಯಿತು.

ಅವಳು ಮೆಟ್ಟಿಲ ಕಡೆ ಹೋಗದೆ, ಅವ್ವನ ಮಾತು ಮುಗಿಯುವವರೆಗೂ ಪಕ್ಕದಲ್ಲೇ ನಿಂತಳು.