ಮಡಚಿಟ್ಟ ಬೆಲ್ಟುಗಳು

ಹೋಟೆಲಾಗಿದ್ದ ಹಳೇ ಜಂಬೋ ವಿಮಾನದೊಳಗೆ ಅದರ ಮಾಲೀಕ ಪ್ರಸನ್ನಕುಮಾರ್ ಸತ್ತು ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲೇ ಕಸ ಗುಡಿಸುವ, ಗುಂಡಿ ತೋಡುವ ಐತನ ಹಾರೆ.

ಬೆಳಿಗ್ಗೆ ಹೆಣ ಕಂಡು ಕೂಗಿಕೊಂಡವನೂ ಐತನೇ. ಕೊಪ್ಪದಿಂದ ಸಬ್ ಇನ್‌ಸ್ಪೆಕ್ಟರ್ ಮಾಲತಿ ಬರುವಷ್ಟರಲ್ಲಿ ಎನ್.ಆರ್.ಪುರ ರಸ್ತೆಯ ಜನ ಅವನನ್ನು ಕಂಬಕ್ಕೆ ಕಟ್ಟಿದ್ದರು. ಬಡವನ ಹಾರೆ ಸಿಕ್ಕಿತಲ್ಲ, ಇನ್ನೇನು ಬೇಕು ಇವರಿಗೆ!

"ಹಾರೆ ಮೆಟ್ಲ ಹತ್ರಾನೇ ಇರ್ತದೆ ಅಮ್ಮಾ, ಯಾರು ಬೇಕಾದ್ರೂ ತಗೋಬೌದು. ನಾ ಜೈಲಿಗೆ ಹೋದ್ರೆ ಹೆಂಡ್ತಿ ಸುಬ್ಬಿ ಗತಿ ಎಂತ?"

"ಮೊದ್ಲು ಬಿಚ್ರೀ ಅವ್ನನ್ನ!" ಮಾಲತಿ ಗದರಿದಳು.

ಹೆಣವಿದ್ದ ಕೆಳ ಅಂತಸ್ತಿನಲ್ಲಿ ಎಲ್ಲ ಸೀಟುಗಳ ಮೇಲೂ ಬೆಲ್ಟುಗಳನ್ನು ನೀಟಾಗಿ ಅಡ್ಡ ಮಡಚಿಡಲಾಗಿತ್ತು. ಶವದ ಪಕ್ಕದ ಸೀಟಿಗೆ ರಕ್ತ ಸಿಡಿದಿತ್ತು. ಮಾಲತಿ ಬೆಲ್ಟು ಎತ್ತಿ ನೋಡಿದಳು. ಅದರಡಿಯಲ್ಲೂ ರಕ್ತ. ಬೆಲ್ಟಿನ ಮೇಲ್ಭಾಗ ಮಾತ್ರ ಚೊಕ್ಕವಾಗಿತ್ತು.

*

ಗುಜರಿ ವ್ಯಾಪಾರಿ ರೇಣುಕಪ್ಪ ನಿನ್ನೆ ಮಾಲೀಕನ ಜೊತೆ ಜಗಳವಾಡಿದ್ದ.

"ಹೋಟ್ಲಿಗೆ ಜನ ಇಲ್ಲ, ವಿಮಾನ ಕತ್ತರಿಸಿ ಒಯ್ಯಿ ಅಂದ್ರು. ಲಾರಿ ತಡ ಅಂತ ಬೈದ್ರು. ಅದಕ್ಕೆಲ್ಲ ಕೊಲ್ತಾರಾ ಮೇಡಂ? ನಿನ್ನೆ ಸಂಜೆಯಿಂದ ಬಾಳೆಹೊನ್ನೂರಲ್ಲಿ ಮದ್ವೆ ಮನೇಲಿದ್ದೆ."

ಕೊಲೆ ನಡೆದದ್ದು ರಾತ್ರಿ; ವಿಚಾರಿಸಿದರೆ ಅವನು ಮದುವೆ ಮನೆಯಲ್ಲಿದ್ದದ್ದು ನಿಜವೇ.

ಉಳಿದವಳು ದಿವ್ಯ. ಹಿಂದೆ ಇದೇ ವಿಮಾನದಲ್ಲಿ ಗಗನಸಖಿ. ಈಗ ಇಲ್ಲೇ ದೋಸೆ ಬಡಿಸುವವಳು.

"ನಾಲ್ಕು ಎಂಜಿನ್ನಿಂದು ವಿಪರೀತ ಇಂಧನ ಕುಡಿತದೆ ಅಂತ ಕಂಪನಿ ಎರಡು ಎಂಜಿನ್ನಿಂದು ತಂತು. ಇದನ್ನೂ ನಮ್ಮನ್ನೂ ಒಟ್ಟಿಗೇ ಹೊರಗೆ ಹಾಕ್ತು," ಎಂದಳು. "ನಿನ್ನೆ ಬೇಗ ಕಮ್ಮರಡಿಗೆ ಮನೆಗೆ ಹೋದೆ. ಆಗ ಅವ್ರು ಚೆನ್ನಾಗೇ ಇದ್ರು."

*

ಮಾಲತಿ ಎಲ್ಲರನ್ನೂ ವಿಮಾನದ ಮೇಲಿನ ಅಂತಸ್ತಿಗೆ ಕರೆದಳು. ಅಲ್ಲಿನ ಬೆಲ್ಟುಗಳು ಹೇಗೆಂದರೆ ಹಾಗೆ ಜೋತುಬಿದ್ದಿದ್ದವು. "ಐತ, ಆ ಸಾಲು ಸರಿ ಮಾಡು. ದಿವ್ಯ, ನೀವು ಈ ಸಾಲು."

ಐತ ಸೀಟು ಒರೆಸಿ ಬೆಲ್ಟುಗಳನ್ನು ಸಂದಿಗೆ ತುರುಕಿದ. ದಿವ್ಯಳ ಕೈಗಳು ತಮ್ಮಷ್ಟಕ್ಕೆ ಓಡಿದವು. ಒಂದು ಬೆಲ್ಟು ಅಡ್ಡ, ಇನ್ನೊಂದು ಅದರ ಮೇಲೆ. ಮೂರನೇ ಸೀಟಿಗೆ ಬಂದವಳು ತಟ್ಟನೆ ನಿಂತಳು.

"ಪ್ರಯಾಣಿಕರು ಇಳಿದ ಮೇಲೆ ಹೀಗೆ ಮಾಡೋದು ನಿಮ್ಮ ರೂಢಿ," ಎಂದಳು ಮಾಲತಿ. "ಬೆಲ್ಟಿನ ಅಡಿ ರಕ್ತ ಇದೆ, ಮೇಲಿಲ್ಲ. ಅಂದ್ರೆ ಕೊಲೆ ಆದ್ಮೇಲೆ ಯಾರೋ ಮಡಚಿದ್ದಾರೆ. ಇಲ್ಲಿ ಹಾಗೆ ಮಡಚೋರು ನೀವೊಬ್ರೇ."

ದಿವ್ಯ ಆ ಸೀಟಿನಲ್ಲೇ ಕೂತಳು. "'ವಿಮಾನ ಗುಜರಿಗೆ, ನೀನು ಮನೆಗೆ' ಅಂದ್ರು. ನಗ್ತಾ ಅಂದ್ರು ಮೇಡಂ. ಎರಡನೇ ಸಲ ಕೇಳ್ದೆ ಆ ಮಾತು. ಮೆಟ್ಲಿಳಿದು ಹೋಗಿ ಹಾರೆ ತಂದೆ. ಆಮೇಲೆ ಏನು ಮಾಡ್ಬೇಕೋ ತಿಳೀಲಿಲ್ಲ. ಸೀಟು ಸರಿ ಮಾಡ್ದೆ."

"ಐತನ್ನ ಕಂಬಕ್ಕೆ ಕಟ್ಟಿದಾಗ ಬಾಯಿ ಬಿಡ್ಲಿಲ್ವಲ್ಲ?"

ದಿವ್ಯ ಪಕ್ಕದ ಸೀಟಿನ ಬೆಲ್ಟನ್ನು ಅಡ್ಡ ಮಡಚತೊಡಗಿದಳು.

ಹಗ್ಗದ ಗಾಯ ನೀವಿಕೊಳ್ಳುತ್ತಾ ಐತ ರೇಣುಕಪ್ಪನ ಹತ್ತಿರ ಹೋದ. "ನಾಳಿಂದ ನಂಗೆ ಕೆಲ್ಸ?"

"ವಿಮಾನಾನೇ ಇಲ್ದಿದ್ಮೇಲೆ ಗುಡ್ಸೋದು ಎಂತದ್ದು ಮಾರಾಯ?" ಎಂದ ರೇಣುಕಪ್ಪ.