ಬಾಣಂತಿಯ ಮೇಲಿನ ಕಂಬಳಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮಹಾರಾಜರ ಕಾಲ, ಬುಕ್ಕಾಪಟ್ಟಣದ ಪಕ್ಕ ಕುರಿ ಸಾಕುವ ಮನೆ ನಮ್ಮದು. ನನ್ನ ಹೆಂಡತಿ ಭೀಮಕ್ಕ ಹೆತ್ತ ಮಾರನೆಯ ದಿನ, ಉರಿಬಿಸಿಲಿನ ಮಟಮಟ ಮಧ್ಯಾಹ್ನ, ಗಡಗಡ ನಡುಗತೊಡಗಿದಳು.

ಪಂಡಿತ ರೇಣುಕಯ್ಯನವರು ಕೈ ಹಿಡಿದು ನೋಡಿದರು. “ನಾಡಿ ಸಿಕ್ತಾನೇ ಇಲ್ಲ ಕಣ್ಲಾ ಬೋರ. ರಕ್ತ ಬಾಳ ಹೋದ್ರೂ ಹಿಂಗಾಯ್ತದೆ, ನಂಜೇರಿದ್ರೂ ಆಯ್ತದೆ. ಮೊದ್ಲು ಮೈ ಬೆಚ್ಚಗೆ ಮಾಡು,” ಎಂದು ಔಷಧಿ ತರಲು ಹೋದರು.

ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದೆ. ನಡುಕ ನಿಲ್ಲಲಿಲ್ಲ. ಹಿತ್ತಲಿಂದ ಕೆಂಡ ತರುವಷ್ಟರಲ್ಲಿ ಅವಳು ನೆಮ್ಮದಿಯಾಗಿ ಮಲಗಿದ್ದಳು. ಮಣಿಕಟ್ಟು ಹಿಡಿದರೆ ನಾಡಿ ಮಿಡಿಯುತ್ತಿತ್ತು. ಮೇಲೆ ಇನ್ನೊಂದು ಕರಿಕಂಬಳಿ ಇತ್ತು, ಯಾರೋ ಈಗಷ್ಟೇ ಹೊದ್ದು ಎದ್ದಂತೆ ಬೆಚ್ಚಗೆ.

“ಅತ್ತೆ ಹೊದಿಸಿ ಹೋದ್ಲು. ಬೆವರೋ ಗಂಟ ತೆಗೀಬ್ಯಾಡ ಕಣಮ್ಮ ಅಂದ್ಲು,” ಎಂದಳು ಭೀಮಕ್ಕ, ಕಣ್ಣು ತೆರೆದು.

ಅಂಚಿನಲ್ಲಿ ಬಿಳಿ ಉಣ್ಣೆಯ ಹೊಲಿಗೆಯಿತ್ತು. ಚಿಕ್ಕಂದಿನಲ್ಲಿ ನಾನು ಜಾಲಿಮುಳ್ಳಿಗೆ ಸಿಕ್ಕಿಸಿ ಹರಿದದ್ದನ್ನು ಅವ್ವ ಬೈಯುತ್ತಲೇ ಹೊಲಿದಿದ್ದಳು. ಹಿಂದಿನ ವರ್ಷ ಅವಳು ತೀರಿಕೊಂಡಾಗ, ನಮ್ಮ ಪದ್ಧತಿಯಂತೆ ಆ ಕಂಬಳಿ ಹೊದಿಸಿಯೇ ಮಣ್ಣು ಮಾಡಿದವನು ನಾನು.

ಸಂಜೆ ಸಮಾಧಿಗೆ ಓಡಿದೆ. ಅಲ್ಲಿ ಬೆಳೆದ ಹುಲ್ಲು ಕೂಡ ಕದಲಿರಲಿಲ್ಲ.

ಕಂಬಳಿ ಇವತ್ತಿಗೂ ಪೆಟ್ಟಿಗೆಯಲ್ಲಿದೆ. ಮನೆಯಲ್ಲಿ ಯಾರಿಗಾದರೂ ಚಳಿ ಬಂದರೆ ತೆಗೆಯುತ್ತೇವೆ. ತೆಗೆದಾಗಲೆಲ್ಲ ಬೆಚ್ಚಗೇ ಇರುತ್ತದೆ.